ಆಕ್ಟಿವ್ ಪಿಕ್‌ಅಪ್ ಹಾಕಿಸುವ ಮೊದಲು

ಡಿಸೆಂಬರಿನಿಂದ ಮೇ ತನಕ ನಮ್ಮ ಕಾಸರಗೋಡಿನ ಕಡೆ ಗಾನಮೇಳದ ಕಾಲ. ಜಾತ್ರೆ, ಇಗರ್ಜಿಯ ಹಬ್ಬ, ಉರೂಸು, ಕ್ಲಬ್ಬಿನ ವಾರ್ಷಿಕೋತ್ಸವ, ಒಂದಲ್ಲ ಒಂದು ಕಡೆ ಸ್ಟೇಜು ಎದ್ದಿರುತ್ತದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಸ್ಟೇಜು, ಹಿಂದೆ ಜನರೇಟರ್, ಮೇಲೆ ಬಣ್ಣದ ಎಲ್‌ಇಡಿ ಲೈಟುಗಳ ಸಾಲು, ಅದಕ್ಕೂ ಗಿಟಾರ್ ಆಂಪಿಗೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡು. ಗಿಟಾರಿನ ವಾಲ್ಯೂಮ್ ಎತ್ತಿದ ಕೂಡಲೇ ‘ಜುಂಯ್’ ಎಂದು ಶುರುವಾಗುತ್ತದೆ. ಗಿಟಾರಿನ ತಂತಿಗಳ ಅಡಿಯಲ್ಲಿ ಕೂತು ಅವುಗಳ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗವೇ ಪಿಕ್‌ಅಪ್, ಅದರಲ್ಲಿ ಬ್ಯಾಟರಿ ಹಾಕಿ ನಡೆಸುವಂಥದ್ದು ಆಕ್ಟಿವ್. ಆಕ್ಟಿವ್ ಪಿಕ್‌ಅಪ್ ಬೇಕು ಎನ್ನುವವರಲ್ಲಿ ಅರ್ಧ ಜನ ಈ ಸದ್ದಿಗೆ ಮದ್ದು ಹುಡುಕಿಕೊಂಡು ಬಂದವರು. ಇನ್ನರ್ಧ ಜನ ‘ಪವರ್ ಜಾಸ್ತಿ’ ಎಂಬ ಮಾತು ಕೇಳಿ ಬಂದವರು. ಮೊದಲನೆಯವರು ಹಿಡಿದ ದಾರಿ ಸರಿಯಾಗಿಯೇ ಉಂಟು, ಆದರೆ ಅದಕ್ಕಿಂತ ಅಗ್ಗದ ದಾರಿಯೂ ಒಂದಿದೆ. ಎರಡನೆಯವರು ಮಾತ್ರ ದುಡ್ಡು ಬಿಚ್ಚುವ ಮೊದಲು ಸ್ವಲ್ಪ ತಡೆದು ಯೋಚಿಸುವುದು ಒಳ್ಳೆಯದು. ಆಕ್ಟಿವ್ ಪಿಕ್‌ಅಪ್‌ನ ನಿಜವಾದ ಗುಣ ಜೋರು ಸದ್ದಲ್ಲ, ಕಡಿಮೆ ಇಂಪಿಡೆನ್ಸ್, ಅಂದರೆ ಸಿಗ್ನಲ್ ಹೊರಬರುವಾಗ ಎದುರಾಗುವ ತಡೆ ಕಡಿಮೆ. ಇದು ಅರ್ಥವಾದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ತನ್ನಷ್ಟಕ್ಕೇ ಗೊತ್ತಾಗುತ್ತದೆ.

ಸಾದಾ, ಅಂದರೆ ಪ್ಯಾಸಿವ್ ಪಿಕ್‌ಅಪ್‌ನೊಳಗೆ ಇರುವುದು ಅಯಸ್ಕಾಂತ ಮತ್ತು ಅದರ ಸುತ್ತ ಕೂದಲೆಳೆಯಷ್ಟು ಸಪೂರದ ತಾಮ್ರದ ತಂತಿ, ಅಷ್ಟೇ. ಸಾಮಾನ್ಯವಾಗಿ ಬಳಸುವುದು 42 ಗೇಜಿನ ತಂತಿ, ದಪ್ಪ ಸುಮಾರು 0.06 ಮಿಲಿಮೀಟರ್. ಸ್ಟ್ರಾಟ್ (ಫೆಂಡರ್ ಕಂಪೆನಿಯ ಸ್ಟ್ರಾಟೊಕಾಸ್ಟರ್ ಗಿಟಾರ್) ಮಾದರಿಯ ಸಿಂಗಲ್ ಕಾಯಿಲ್‌ನಲ್ಲಿ ಏಳೂವರೆ ಸಾವಿರದಿಂದ ಎಂಟು ಸಾವಿರ ಸುತ್ತು, ಎರಡು ಕಾಯಿಲಿನ ಪಿಕ್‌ಅಪ್ ಆದ ಹಂಬಕರ್‌ನಲ್ಲಿ ಒಂದೊಂದು ಕಾಯಿಲಿಗೆ ಸುಮಾರು ಐದು ಸಾವಿರ ಸುತ್ತು ಇರುತ್ತದೆ. ಮಲ್ಟಿಮೀಟರ್ ಹಿಡಿದರೆ ಸಿಂಗಲ್ ಕಾಯಿಲ್ 6 ಕೆ (ಕಿಲೋಓಮ್) ಆಸುಪಾಸು, ಹಳೆಯ ಮಾದರಿಯ ಹಂಬಕರ್ 8 ಕೆ ಆಸುಪಾಸು ತೋರಿಸುತ್ತದೆ. ಈ ಅಂಕಿ ನೋಡಿ ‘16 ಕೆ ಇದ್ದರೆ ಡಬಲ್ ಪವರ್’ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ಬರೀ ತಂತಿಯ ರೆಸಿಸ್ಟೆನ್ಸ್. ಸದ್ದಿನ ಬಣ್ಣವನ್ನು ನಿರ್ಧರಿಸುವುದು ಇಂಡಕ್ಟೆನ್ಸ್ (ಬದಲಾಗುವ ಕರೆಂಟನ್ನು ತಡೆಯುವ ಕಾಯಿಲಿನ ಗುಣ), ಮತ್ತು ಅದರ ಜೊತೆ ಸೇರುವ ಕೇಬಲಿನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ).

ಒಂದು ಲೆಕ್ಕ ಹಾಕಿ ನೋಡೋಣ. ಹಂಬಕರ್‌ನ ಇಂಡಕ್ಟೆನ್ಸ್ 4.5 ಹೆನ್ರಿ, ಅದರದ್ದೇ ಒಳಗಿನ ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್ ಎಂದು ಹಿಡಿಯಿರಿ. ಸಾಧಾರಣ ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಸೇರಿಸುತ್ತದೆ. ಮನೆಯಲ್ಲಿ 3 ಮೀಟರ್ ಕೇಬಲ್ ಹಾಕಿ ಬಾರಿಸುವಾಗ ಇವೆಲ್ಲ ಸೇರಿ ಸುಮಾರು 3.75 ಕಿಲೋಹರ್ಟ್ಸ್‌ನಲ್ಲಿ ಒಂದು ದಿಬ್ಬ ಏಳುತ್ತದೆ, ಅಂದರೆ ಆ ಆಸುಪಾಸಿನ ಸದ್ದು ಎದ್ದು ಕೇಳುತ್ತದೆ. ತಂತಿಯ ‘ಟಣ್’ ಎನ್ನುವ ಹೊಳಪು ಇರುವುದು ಅಲ್ಲೇ. ಸ್ಟೇಜಿನಲ್ಲಿ 10 ಮೀಟರ್ ಕೇಬಲ್ ಹಾಕಿದರೆ ಆ ದಿಬ್ಬ 2.25 ಕಿಲೋಹರ್ಟ್ಸ್‌ಗೆ ಇಳಿದುಬಿಡುತ್ತದೆ. ಅದೇ ಗಿಟಾರ್, ಅದೇ ಬೆರಳು, ಆದರೆ ಸದ್ದಿಗೆ ಕಂಬಳಿ ಹೊದೆಸಿದ ಹಾಗೆ. ವಾಲ್ಯೂಮ್ ಸ್ವಲ್ಪ ಕೆಳಗಿಳಿಸಿದರೆ ಟ್ರೆಬಲ್ ಇನ್ನೂ ಹೋಗುತ್ತದೆ, ಯಾಕೆಂದರೆ ಪಾಟಿನ (ವಾಲ್ಯೂಮ್ ತಿರುಗಿಸುವ ಗುಂಡಿಯ ಅಡಿಯ ರೆಸಿಸ್ಟರ್) ರೆಸಿಸ್ಟೆನ್ಸ್ ಕೇಬಲಿನ ಜೊತೆ ಸೇರಿ ಫಿಲ್ಟರ್ ಆಗುತ್ತದೆ. ರಿಹರ್ಸಲ್‌ನಲ್ಲಿ ಚೆನ್ನಾಗಿದ್ದ ಟೋನ್ ಸ್ಟೇಜಿನಲ್ಲಿ ಸತ್ತುಹೋಗುವುದಕ್ಕೆ ಎಷ್ಟೋ ಸಲ ಕಾರಣ ಇದೇ. ಅದಕ್ಕೆ ಆಂಪನ್ನೋ ಮೈಕ್‌ಸೆಟ್ಟಿನವರನ್ನೋ ಬೈದು ಪ್ರಯೋಜನ ಇಲ್ಲ.

ಆಕ್ಟಿವ್ ಪಿಕ್‌ಅಪ್ ಈ ಸರಪಣಿಯನ್ನು ಹುಟ್ಟಿನಲ್ಲೇ ಕತ್ತರಿಸುತ್ತದೆ. ಕಾಯಿಲಿಗೆ ಸುತ್ತು ಕಡಿಮೆ ಇರುತ್ತದೆ, ಆದ್ದರಿಂದ ಅಲ್ಲಿ ಹುಟ್ಟುವ ಸಿಗ್ನಲ್ ಸಣ್ಣದು. ಅದೇ ಡಬ್ಬಿಯೊಳಗೆ ಕೂತ ಪುಟ್ಟ ಪ್ರೀಆಂಪ್, ಅಂದರೆ ಬ್ಯಾಟರಿಯಲ್ಲಿ ನಡೆಯುವ ವರ್ಧಕ, ಅದನ್ನು ಎತ್ತಿ ಹೊರಗೆ ಕಳುಹಿಸುತ್ತದೆ. ಇಎಂಜಿ ಕಂಪೆನಿಯ 81 ಎಂಬ ಆಕ್ಟಿವ್ ಪಿಕ್‌ಅಪ್‌ನ ಔಟ್‌ಪುಟ್ ಇಂಪಿಡೆನ್ಸ್ 10 ಕಿಲೋಓಮ್. ಪ್ಯಾಸಿವ್ ಹಂಬಕರ್‌ನದ್ದು ಆ ದಿಬ್ಬದ ಹತ್ತಿರ ನೂರಾರು ಕಿಲೋಓಮಿಗೆ ಏರುತ್ತದೆ. ಹಾಗಾಗಿ ಆಕ್ಟಿವ್ ಇದ್ದರೆ 3 ಮೀಟರ್ ಕೇಬಲೋ 10 ಮೀಟರ್ ಕೇಬಲೋ, ಕಿವಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ.

ಇದೇನೂ ಹೊಸ ಯೋಚನೆಯಲ್ಲ. ಹೆಸರಾಂತ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೇ ಲೋ ಇಂಪಿಡೆನ್ಸ್ ಪಿಕ್‌ಅಪ್ ಅಂದರೆ ಇಷ್ಟವಿತ್ತು. ಅವರ ಹೆಸರಿನ ಪರ್ಸನಲ್ ಮತ್ತು ಪ್ರೊಫೆಷನಲ್ ಗಿಟಾರುಗಳನ್ನು ಗಿಬ್ಸನ್ 1969ರಲ್ಲೇ ಅಂಥ ಪಿಕ್‌ಅಪ್ ಹಾಕಿ ತಂದಿತ್ತು, ಆದರೆ ಜನ ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ರಾಬ್ ಟರ್ನರ್ 1976ರಲ್ಲಿ ಶುರು ಮಾಡಿದ ಕಂಪೆನಿಯೇ ಮುಂದೆ ಇಎಂಜಿ ಆಯಿತು. ಹೆವಿ ಮೆಟಲ್ ಸಂಗೀತದ ಬ್ಯಾಂಡ್ ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಇದರ 81 ಮತ್ತು 60 ಬಳಸಿದ್ದರಿಂದ ‘ಆಕ್ಟಿವ್ ಅಂದರೆ ಮೆಟಲ್’ ಎಂಬ ಮಾತು ಹುಟ್ಟಿತು. ಆದರೆ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ ಕೆಂಪು ಸ್ಟ್ರಾಟಿನಲ್ಲಿ ವರ್ಷಗಟ್ಟಲೆ ಬಾರಿಸಿದ್ದೂ ಇಎಂಜಿಯ ಎಸ್‌ಎ ಎಂಬ ಆಕ್ಟಿವ್ ಪಿಕ್‌ಅಪ್‌ಗಳನ್ನೇ, ಮತ್ತು ಅದು ಮೆಟಲ್ ಅಲ್ಲ.

ಗಲಾಟೆ ಎಲ್ಲಿಂದ ಎಂದು ಮೊದಲು ಹಿಡಿಯಿರಿ

ಪಿಕ್‌ಅಪ್ ಬದಲಿಸುವ ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಲೇಬೇಕು. ಗಿಟಾರ್ ಆಂಪಿಗೆ ಹಾಕಿ, ಸದ್ದು ಬರುತ್ತಿರುವಾಗ ಗಿಟಾರಿನ ವಾಲ್ಯೂಮ್ ಪೂರ್ತಿ ಸೊನ್ನೆಗೆ ತನ್ನಿ. ಆಗಲೂ ಗುಂಯ್‌ಗುಡುತ್ತಿದ್ದರೆ ತಪ್ಪು ಪಿಕ್‌ಅಪ್‌ನದ್ದಲ್ಲ. ಕೇಬಲ್, ಪೆಡಲಿನ ಅಡಾಪ್ಟರ್, ಆಂಪ್ ಅಥವಾ ಅರ್ತಿಂಗ್‌ನದ್ದು. ಸಾವಿರಗಟ್ಟಲೆ ಕೊಟ್ಟು ಆಕ್ಟಿವ್ ಹಾಕಿಸಿದರೂ ಅದು ಹೋಗುವುದಿಲ್ಲ.

ವಾಲ್ಯೂಮ್ ಇಳಿಸಿದಾಗ ನಿಂತರೆ, ಪುನಃ ಎತ್ತಿ ತಂತಿಗಳ ಮೇಲೆ ಅಂಗೈ ಇಡಿ. ಕೈ ಇಟ್ಟ ಕೂಡಲೇ ‘ಜುಂಯ್’ ಕಡಿಮೆಯಾಗಿ, ತೆಗೆದ ಕೂಡಲೇ ಜೋರಾದರೆ ಅದು ಲೈಟಿನ ಡಿಮ್ಮರ್, ಎಲ್‌ಇಡಿ ಡ್ರೈವರ್, ಸ್ವಿಚಿಂಗ್ ಚಾರ್ಜರ್‌ಗಳಿಂದ ಗಾಳಿಯಲ್ಲಿ ಬರುವ ವಿದ್ಯುತ್ ಕ್ಷೇತ್ರದ ಗಲಾಟೆ. ನಿಮ್ಮ ಮೈಯೇ ಅದಕ್ಕೆ ಆಂಟೆನಾ ಆಗಿರುತ್ತದೆ. ಗಿಟಾರಿನ ಒಳಗೆ ಶೀಲ್ಡಿಂಗ್ (ಗಲಾಟೆ ತಡೆಯುವ ಲೋಹದ ಹೊದಿಕೆ) ಸಾಲದು ಎಂದರ್ಥ. ಕೈ ಇಟ್ಟರೂ ಬದಲಾಗದೆ, ಗಿಟಾರ್ ಹಿಡಿದು ನಿಂತಲ್ಲೇ ಸುತ್ತು ತಿರುಗಿದಾಗ ಒಂದು ದಿಕ್ಕಿಗೆ ಕಡಿಮೆ, ಇನ್ನೊಂದು ದಿಕ್ಕಿಗೆ ಜಾಸ್ತಿಯಾದರೆ ಅದು ಟ್ರಾನ್ಸ್‌ಫಾರ್ಮರುಗಳ ಕಾಂತ ಕ್ಷೇತ್ರ, 50 ಹರ್ಟ್ಸ್‌ನ ದಪ್ಪ ಹಮ್. ಇದಕ್ಕೆ ತಾಮ್ರದ ಟೇಪು ಏನೂ ಮಾಡಲಾರದು. ಎದುರುಬದುರು ಸುತ್ತಿದ ಎರಡು ಕಾಯಿಲ್ ಬೇಕು, ಅಂದರೆ ಹಂಬಕರ್.

ಆಕ್ಟಿವ್ ಪಿಕ್‌ಅಪ್‌ಗಳಲ್ಲಿ ಹೆಚ್ಚಿನವು ಎರಡಕ್ಕೂ ಉತ್ತರ ಕೊಡುತ್ತವೆ. ಒಳಗೆ ಎರಡು ಕಾಯಿಲ್ ಇರುತ್ತವೆ, ಸಿಂಗಲ್ ಕಾಯಿಲ್ ಅಳತೆಯದ್ದರಲ್ಲೂ ಒಂದರ ಮೇಲೊಂದು ಕೂರಿಸಿರುತ್ತಾರೆ. ಸುತ್ತಲೂ ಶೀಲ್ಡ್ ಇರುತ್ತದೆ. ಮೇಲಾಗಿ ಲೋ ಇಂಪಿಡೆನ್ಸ್ ಆದ್ದರಿಂದ ಕೇಬಲ್ ದಾರಿಯಲ್ಲಿ ಹಿಡಿಯುವ ಗಲಾಟೆಯೂ ಕಡಿಮೆ. ಡಿಸ್ಟಾರ್ಷನ್ (ಬೇಕೆಂದೇ ಸದ್ದನ್ನು ಒರಟು ಮಾಡುವುದು) ಪೂರ್ತಿ ಏರಿಸಿ ಬಾರಿಸುವವರಿಗೆ ಇದು ದೊಡ್ಡ ಸಮಾಧಾನ, ಎರಡು ಸ್ವರಗಳ ನಡುವೆ ನಿಜವಾದ ಮೌನ ಸಿಗುತ್ತದೆ. ಆದರೆ ಪ್ರೀಆಂಪಿಗೂ ತನ್ನದೇ ಒಂದು ಸಣ್ಣ ‘ಸ್ಸ್’ ಇರುತ್ತದೆ ಎಂಬುದು ನೆನಪಿರಲಿ.

ಸದ್ದಿನ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಮೊದಲನೆಯದು, ಸಿಗ್ನಲ್ ಎತ್ತುವ ಕೆಲಸ ಪ್ರೀಆಂಪ್ ಮಾಡುವುದರಿಂದ ಅಯಸ್ಕಾಂತ ಅಷ್ಟು ಬಲವಾಗಿರಬೇಕಿಲ್ಲ. ಬಲವಾದ ಅಯಸ್ಕಾಂತ ತಂತಿಗೆ ತೀರಾ ಹತ್ತಿರ ಬಂದರೆ ದಪ್ಪ ತಂತಿಯನ್ನು ಎಳೆದು ಸ್ವರವನ್ನು ಅಲ್ಲಾಡಿಸುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ ಎಷ್ಟು ಟ್ಯೂನ್ ಮಾಡಿದರೂ ಶ್ರುತಿ ಕೂಡುವುದಿಲ್ಲ. ಸ್ಟ್ರಾಟ್‌ನಲ್ಲಿ ಇದು ಮಾಮೂಲಿ ದೂರು. ಆಕ್ಟಿವ್ ಅನ್ನು ಭಯವಿಲ್ಲದೆ ಹತ್ತಿರ ತರಬಹುದು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಯ ಅಡಿಯಿಂದ ಪಿಕ್‌ಅಪ್‌ಗೆ ಸಪೂರ ತಂತಿಯ ಬದಿಯಲ್ಲಿ 2 ಮಿಲಿಮೀಟರ್, ದಪ್ಪ ತಂತಿಯ ಬದಿಯಲ್ಲಿ ಎರಡೂವರೆ ಇಟ್ಟು ಶುರು ಮಾಡಿ. 81ರಂಥವುಗಳಲ್ಲಿ ಸ್ಕ್ರೂಗಳ ಬದಲು ಉದ್ದದ ಒಂದು ಪಟ್ಟಿ ಇರುವುದರಿಂದ ತಂತಿ ಎಳೆದು ಬಾಗಿಸಿದಾಗ ಸದ್ದು ಕುಗ್ಗುವುದಿಲ್ಲ.

ಎರಡನೆಯದು ಕುಂದು. ಪ್ಯಾಸಿವ್‌ನಲ್ಲಿ ಬೆರಳಿನ ಮೆಲ್ಲಗಿನ ಒತ್ತು, ವಾಲ್ಯೂಮನ್ನು ಎಂಟಕ್ಕೆ ಇಳಿಸಿದಾಗ ಡಿಸ್ಟಾರ್ಷನ್ ಹಾಲಿನ ನೊರೆಯ ಹಾಗೆ ತಿಳಿಯಾಗುವುದು, ಇವೆಲ್ಲ ಗಿಟಾರ್, ಕೇಬಲ್, ಆಂಪ್ ಮೂರೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೇ ಬರುವ ಗುಣ. ಆಕ್ಟಿವ್ ಆ ಅಂಟನ್ನು ಬಿಡಿಸುತ್ತದೆ. ಸದ್ದು ಎಲ್ಲಿ ಹೋದರೂ ಒಂದೇ ಥರ, ಒತ್ತೊತ್ತಾಗಿ, ತೂಕ ಸಮ ಮಾಡಿದ ಹಾಗೆ ಬರುತ್ತದೆ. ಪಾಮ್ ಮ್ಯೂಟ್ ಮಾಡಿ (ಅಂಗೈಯ ಅಂಚಿನಿಂದ ತಂತಿಯನ್ನು ಅದುಮಿ) ರಿದಮ್ ಬಾರಿಸುವವರಿಗೆ ಅದೇ ಬೇಕಾದದ್ದು. ಹಳೆಯ ಸಿನಿಮಾ ಹಾಡುಗಳ ಹಿಂದೆ ಮೆತ್ತಗೆ ಕಾರ್ಡ್ ಹಿಡಿಯುವವರಿಗೆ, ಬ್ಲೂಸ್ ಬಾರಿಸುವವರಿಗೆ ಅದು ಉಪ್ಪಿಲ್ಲದ ಗಂಜಿ. ಹಳೆ ಮಾದರಿಯ ಫಜ್ ಪೆಡಲ್ (ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ) ಇದ್ದರಂತೂ ಖಂಡಿತ ಜಗಳ ಆಗುತ್ತದೆ. ಆ ಪೆಡಲ್ ಗಿಟಾರಿನ ಕಾಯಿಲನ್ನೇ ತನ್ನ ಸರ್ಕ್ಯೂಟಿನ ಭಾಗ ಮಾಡಿಕೊಂಡು ಕೆಲಸ ಮಾಡುವಂಥದ್ದು, ಲೋ ಇಂಪಿಡೆನ್ಸ್ ಸಿಕ್ಕಿದರೆ ಕರ್ಕಶವಾಗಿ ಕಿರುಚುತ್ತದೆ. ಪೆಡಲಿಗೆ ಹೋಗುವ ದಾರಿಯಲ್ಲಿ 22 ಕೆಯಿಂದ 47 ಕೆ ಒಳಗಿನ ಒಂದು ರೆಸಿಸ್ಟರ್ ಸೇರಿಸಿದರೆ ಒಂದಷ್ಟು ಹದಕ್ಕೆ ಬರುತ್ತದೆ.

ಕಂಪ್ಯೂಟರಿಗೆ ರೆಕಾರ್ಡ್ ಮಾಡುವವರಿಗೆ ಒಂದು ಎಚ್ಚರಿಕೆ. ಅಗ್ಗದ ಆಡಿಯೊ ಇಂಟರ್‌ಫೇಸ್‌ಗಳಲ್ಲಿ ಗೇನ್ ಪೂರ್ತಿ ಇಳಿಸಿದರೂ ಆಕ್ಟಿವ್ ಪಿಕ್‌ಅಪ್‌ಗೆ ಕೆಂಪು ಲೈಟ್ ಹತ್ತುವುದುಂಟು. ಪಿಕ್‌ಅಪ್ ಅರ್ಧ ಮಿಲಿಮೀಟರ್ ಕೆಳಗಿಳಿಸಿ, ಸಾಲದಿದ್ದರೆ ಗಿಟಾರಿನ ವಾಲ್ಯೂಮ್ ಇಳಿಸಿ. ಆಕ್ಟಿವ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಟ್ರೆಬಲ್ ಹೋಗುವುದಿಲ್ಲ, ಅದು ಅದರ ದೊಡ್ಡ ಅನುಕೂಲ.

ಬ್ಯಾಟರಿ

ಎಲ್ಲರೂ ಮೊದಲು ಹೆದರುವುದು ಇದಕ್ಕೆ, ಆದರೆ ಹೆದರಬೇಕಾದ ಜಾಗ ಬೇರೆ. 81ರಂಥ ಒಂದು ಪಿಕ್‌ಅಪ್ ಎಳೆಯುವುದು 80 ಮೈಕ್ರೊಆಂಪ್. ಎರಡಿದ್ದರೆ 160. 500 ಮಿಲಿಆಂಪ್‌ಅವರ್‌ನ ಒಳ್ಳೆಯ 9 ವೋಲ್ಟ್ ಬ್ಯಾಟರಿ 3,000 ಗಂಟೆ ಬರುತ್ತದೆ. ದಿನಾ ಎರಡು ಗಂಟೆ ಬಾರಿಸಿದರೂ ನಾಲ್ಕು ವರ್ಷ, ಅಷ್ಟರೊಳಗೆ ಬ್ಯಾಟರಿ ತಾನಾಗಿ ಹಾಳಾಗುತ್ತದೆ. ಆದರೆ ಆಕ್ಟಿವ್ ಗಿಟಾರಿನಲ್ಲಿ ಸ್ವಿಚ್ ಎಂದರೆ ಜ್ಯಾಕೇ. ಕೇಬಲ್ ಚುಚ್ಚಿದ್ದರೆ ಆನ್, ತೆಗೆದರೆ ಆಫ್. ಕೇಬಲ್ ಚುಚ್ಚಿಯೇ ಮೂಲೆಯಲ್ಲಿ ಇಟ್ಟರೆ ಆ 3,000 ಗಂಟೆ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. 2014ರಲ್ಲಿ ಬಂದ ಫಿಶ್‌ಮನ್ ಫ್ಲೂಯೆನ್ಸ್‌ನಂಥ, ಒಂದೇ ಪಿಕ್‌ಅಪ್‌ನಲ್ಲಿ ಎರಡು ಮೂರು ಬಗೆಯ ಸದ್ದು ಕೊಡುವ ಹೊಸ ತಲೆಮಾರಿನವು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಕರೆಂಟ್ ಎಳೆಯುತ್ತವೆ. ಅವುಗಳಿಗೆ ಒಂದು ಬ್ಯಾಟರಿ ಸುಮಾರು 200 ಗಂಟೆ ಎಂದು ಲೆಕ್ಕ ಇಟ್ಟುಕೊಳ್ಳಿ. ಚುಚ್ಚಿಟ್ಟು ಮರೆತರೆ ಎಂಟು ಒಂಬತ್ತು ದಿನದಲ್ಲಿ ಖಾಲಿ.

ಅಂಗಡಿಯಲ್ಲಿ 9 ವೋಲ್ಟ್ ಕೇಳಿದರೆ ಹೆಚ್ಚಾಗಿ ಕೈಗೆ ಕೊಡುವುದು ಮೈಯಲ್ಲಿ 6ಎಫ್22 ಎಂದು ಬರೆದದ್ದು. ಅದು ಜಿಂಕ್ ಕಾರ್ಬನ್, ಮಲ್ಟಿಮೀಟರಿಗೆ ಸಾಕು, ಗಿಟಾರಿಗೆ ಬೇಡ. ಖಾಲಿಯಾಗುತ್ತಾ ಬಂದಾಗ ಒಳಗಿನ ರಸ ಸೋರಿ ಕ್ಲಿಪ್ಪನ್ನೂ ಪಕ್ಕದ ವಯರನ್ನೂ ತಿನ್ನುತ್ತದೆ. 6ಎಲ್‌ಆರ್61 ಎಂದು ಬರೆದ ಅಲ್ಕಲೈನ್ ಕೇಳಿ ತೆಗೆದುಕೊಳ್ಳಿ. ಚಾರ್ಜ್ ಮಾಡುವ ನಿಕ್ಕಲ್ ಬ್ಯಾಟರಿಯಲ್ಲಿ ವೋಲ್ಟೇಜೇ 8.4, ಕೆಲವದರಲ್ಲಿ 7.2 ಮಾತ್ರ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವ ಲಿಥಿಯಮ್ 9 ವೋಲ್ಟ್‌ಗಳ ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇರುತ್ತದೆ, ಕೆಲವು ಅದರಿಂದಲೇ ‘ಕುಂಯ್’ ಎಂಬ ಸಪೂರ ಸದ್ದನ್ನು ಸಿಗ್ನಲಿಗೆ ಬೆರೆಸುತ್ತವೆ.

ಹೊಸ ಅಲ್ಕಲೈನ್ ಮೀಟರಿನಲ್ಲಿ 9.5 ಹತ್ತಿರ ತೋರಿಸಬೇಕು. 7.5ಕ್ಕೆ ಇಳಿದರೆ ಕಾರ್ಯಕ್ರಮದ ಮೊದಲು ಬದಲಿಸಿಬಿಡಿ. ಬ್ಯಾಟರಿ ಸಾಯುವುದಕ್ಕೂ ಒಂದು ಲಕ್ಷಣ ಉಂಟು. ಜೋರಾಗಿ ಬಾರಿಸಿದಾಗ ಮಾತ್ರ ಹರಿದ ಸ್ಪೀಕರಿನ ಹಾಗೆ ಪರಪರ ಎನ್ನುತ್ತದೆ, ಮೆಲ್ಲಗೆ ಬಾರಿಸಿದರೆ ಸರಿಯಿರುತ್ತದೆ. ಆಮೇಲೆ ಸ್ವರ ಎಳೆದು ಹಿಡಿದಾಗ ನಡುವೆಯೇ ಕತ್ತರಿಸಿಹೋಗುತ್ತದೆ. ಕೊನೆಗೆ ಏನೂ ಇಲ್ಲ. ಬ್ಯಾಟರಿ ಇಲ್ಲದೆ ಪ್ಯಾಸಿವ್ ಆಗಿ ಕೆಲಸ ಮಾಡುತ್ತದೆ ಎಂದು ಕೆಲವರು ನಂಬಿದ್ದಾರೆ. ಪೂರ್ತಿ ಆಕ್ಟಿವ್ ಪಿಕ್‌ಅಪ್‌ಗಳಲ್ಲಿ ಹಾಗಿಲ್ಲ. ಆ ಅನುಕೂಲ ಇರುವುದು ಪ್ಯಾಸಿವ್ ಪಿಕ್‌ಅಪ್ ಮತ್ತು ಆಕ್ಟಿವ್ ಟೋನ್ ಸರ್ಕ್ಯೂಟ್ ಸೇರಿಸಿದ ಕೆಲವು ಬೇಸ್ ಗಿಟಾರುಗಳಲ್ಲಿ.

ಎರಡು ಬ್ಯಾಟರಿ ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಕೊಡುವ ಪದ್ಧತಿಯೂ ಇದೆ. ಸದ್ದು ಜೋರಾಗುವುದಿಲ್ಲ. ಜೋರಾಗಿ ಬಾರಿಸಿದಾಗ ಅಲೆಯ ತುದಿ ಕತ್ತರಿಸಿಹೋಗದೆ ಉಸಿರಾಡಲು ಜಾಗ ಸಿಗುತ್ತದೆ. ಕ್ಲೀನ್ ಬಾರಿಸುವವರಿಗೆ ಇದು ನಿಜಕ್ಕೂ ಉಪಯೋಗ, ಹೈ ಗೇನ್‌ನವರಿಗೆ, ಅಂದರೆ ಡಿಸ್ಟಾರ್ಷನ್ ಏರಿಸಿ ಬಾರಿಸುವವರಿಗೆ, ವ್ಯತ್ಯಾಸ ಅಷ್ಟಕ್ಕಷ್ಟೆ. ಇಎಂಜಿ 81 ತಾಳುವ ಮಿತಿ 27 ವೋಲ್ಟ್, ಬೇರೆಯವುಗಳಿಗೆ ಅದರ ಜೊತೆ ಬಂದ ಹಾಳೆ ನೋಡಿಯೇ ಕೊಡಬೇಕು.

ಹಾಕುವ ಕೆಲಸ

ಈಗಿನ ಸೆಟ್ಟುಗಳು ಸೋಲ್ಡರ್ ಇಲ್ಲದೆ ಚುಚ್ಚಿ ಜೋಡಿಸುವಂತೆ ಬರುತ್ತವೆ. ಪಾಟ್, ಸ್ಟೀರಿಯೊ ಜ್ಯಾಕ್, ಕ್ಲಿಪ್ ಎಲ್ಲ ಅದರಲ್ಲೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಪಿಕ್‌ಅಪ್ ತಂದವರಿಗೆ ಮಾತ್ರ ಎಲ್ಲವನ್ನೂ ಹೊಂದಿಸಿಕೊಳ್ಳುವ ಕೆಲಸ. ಒಂದು ವಾಲ್ಯೂಮ್, ಒಂದು ಟೋನ್ ಆದರೆ 25 ಕೆ ಪಾಟ್ ಎರಡು, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು, ಸ್ಟೀರಿಯೊ ಜ್ಯಾಕ್ ಒಂದು, 9 ವೋಲ್ಟ್ ಕ್ಲಿಪ್ ಒಂದು, 25ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್. ಬ್ಯಾಟರಿಯ ಅಳತೆ ಸುಮಾರು 48 × 26 × 17 ಮಿಲಿಮೀಟರ್. ಅದಕ್ಕೆ ಒಳಗೆ ಜಾಗ ಇದೆಯಾ ಎಂದು ದುಡ್ಡು ಕೊಡುವ ಮೊದಲೇ ಅಳೆಯಿರಿ. ಲೆಸ್ ಪಾಲ್ ಮಾದರಿಯ ಗಿಟಾರಿನ ಹಿಂದಿನ ಗುಂಡಿಯಲ್ಲಿ ಹಿಡಿಯುತ್ತದೆ, ಸಪೂರ ಮೈಯ ಗಿಟಾರುಗಳಲ್ಲಿ ಹಿಡಿಯದೆ ಮರ ಕೊರೆಯಬೇಕಾಗಬಹುದು.

ಹಳೆಯ 500 ಕೆ ಪಾಟ್‌ಗಳನ್ನೇ ಉಳಿಸಿಕೊಳ್ಳುವ ಆಸೆ ಬೇಡ. ವಾಲ್ಯೂಮ್ ನಯವಾಗಿ ಏರಿಳಿಯದೆ ಸ್ವಿಚ್ಚಿನ ಹಾಗೆ ಒಮ್ಮೆಲೇ ಬರುತ್ತದೆ, ಒಮ್ಮೆಲೇ ಹೋಗುತ್ತದೆ. ಟೋನ್ ಕೂಡ ಅಷ್ಟೇ.

ಎಡವಟ್ಟು ಆಗುವ ಜಾಗ ಜ್ಯಾಕ್. ಅದರಲ್ಲಿ ಮೂರು ಕಾಲುಗಳಿರುತ್ತವೆ. ಮೀಟರನ್ನು ಬೀಪ್ ಮಾಡುವ ಕಡೆಗಿಟ್ಟು, ಒಂದು ಕಡ್ಡಿಯನ್ನು ಜ್ಯಾಕಿನ ನಟ್ ಕೂರುವ ಸುರುಳಿ ಗೆರೆಗಳ ಭಾಗದ ಮೇಲೆ ಇಡಿ. ಇನ್ನೊಂದು ಕಡ್ಡಿಗೆ ಬೀಪ್ ಕೊಡುವ ಕಾಲು ಸ್ಲೀವ್, ಅಂದರೆ ಗ್ರೌಂಡ್. ಈಗ ಮಾಮೂಲಿ ಗಿಟಾರ್ ಕೇಬಲ್ ಚುಚ್ಚಿ ಪುನಃ ಪರೀಕ್ಷಿಸಿ. ಮೊದಲು ಸುಮ್ಮನಿದ್ದ ಒಂದು ಕಾಲು ಈಗ ಬೀಪ್ ಮಾಡುತ್ತದೆ, ಅದೇ ರಿಂಗ್. ಉಳಿದದ್ದು ಟಿಪ್. ಬ್ಯಾಟರಿ ಕ್ಲಿಪ್ಪಿನ ಕಪ್ಪು ವಯರ್ ರಿಂಗಿಗೆ ಹೋಗಬೇಕು, ಗ್ರೌಂಡಿಗಲ್ಲ. ಗ್ರೌಂಡಿಗೆ ಹಾಕಿದರೂ ಸದ್ದು ಚೆನ್ನಾಗಿಯೇ ಬರುತ್ತದೆ, ಆದ್ದರಿಂದ ತಪ್ಪು ತಿಳಿಯುವುದಿಲ್ಲ. ಆದರೆ ಕೇಬಲ್ ತೆಗೆದರೂ ಬ್ಯಾಟರಿ ಆಫ್ ಆಗದೆ ಕೆಲವೇ ತಿಂಗಳಲ್ಲಿ ಸಾಯುತ್ತದೆ. ಟಿಪ್‌ಗೆ ಸಿಗ್ನಲ್, ಕೆಂಪು ವಯರ್ ಪಿಕ್‌ಅಪ್‌ಗಳ ಕೆಂಪಿಗೆ. ಕ್ಲಿಪ್ ಹಾಕುವಾಗ ಬ್ಯಾಟರಿ ಉಲ್ಟಾ ತಾಗದಂತೆ ನೋಡಿಕೊಳ್ಳಿ, ಒಂದು ಕ್ಷಣದ ಉಲ್ಟಾ ಸ್ಪರ್ಶವೂ ಪ್ರೀಆಂಪಿಗೆ ಅಪಾಯ. ಕೊನೆಗೆ ಬ್ಯಾಟರಿಯನ್ನು ತೆಳುವಾದ ಸ್ಪಂಜಿನಲ್ಲಿ ಸುತ್ತಿ ಕೂರಿಸಿ. ಇಲ್ಲದಿದ್ದರೆ ಅದರ ಲೋಹದ ಮೈ ಪಾಟಿನ ಕಾಲಿಗೆ ತಾಗಿ ಬಾರಿಸುವಾಗ ಚರಚರ ಎನ್ನುತ್ತದೆ.

ಒಂದು ಆಕ್ಟಿವ್, ಒಂದು ಪ್ಯಾಸಿವ್ ಹಾಕಬಹುದಾ ಎಂದು ಕೇಳುವವರು ಬಹಳ. ಹಾಕಬಹುದು, ಆದರೆ ಸ್ವಿಚ್ ನಡುವೆ ಇಟ್ಟಾಗ ಆಕ್ಟಿವ್‌ನ ಕಡಿಮೆ ಇಂಪಿಡೆನ್ಸ್ ಪ್ಯಾಸಿವ್ ಅನ್ನು ನುಂಗಿಬಿಡುತ್ತದೆ, ಎರಡೂ ಸೇರಿದ ಸದ್ದು ಸಿಗುವುದಿಲ್ಲ. ಎರಡಕ್ಕೂ ಒಂದೇ ವಾಲ್ಯೂಮ್ ಇದ್ದರೆ ಪಾಟ್ ಯಾವುದು ಹಾಕಿದರೂ ಒಂದಕ್ಕೆ ತಪ್ಪು, 25 ಕೆ ಹಾಕಿದರೆ ಪ್ಯಾಸಿವ್ ಮಂಕಾಗುತ್ತದೆ. ಸರಿಯಾದ ದಾರಿ ಪ್ಯಾಸಿವ್‌ಗೆ ಪ್ರತ್ಯೇಕ ಬಫರ್ (ಸದ್ದು ಏರಿಸದೆ ಇಂಪಿಡೆನ್ಸ್ ಮಾತ್ರ ಇಳಿಸುವ ಪುಟ್ಟ ಸರ್ಕ್ಯೂಟ್) ಕೊಟ್ಟು ಆಮೇಲೆ ಸೇರಿಸುವುದು. ಅಷ್ಟು ಮಾಡುವುದಾದರೆ ಎರಡನ್ನೂ ಒಂದೇ ಜಾತಿಯದ್ದು ಹಾಕುವುದು ವಾಸಿ.

ಬ್ರಿಡ್ಜಿನಿಂದ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗ) ಬರುವ ಗ್ರೌಂಡ್ ವಯರಿನ ವಿಷಯ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇದು ಜೀವದ ಪ್ರಶ್ನೆ. ಪ್ಯಾಸಿವ್ ಗಿಟಾರಿನಲ್ಲಿ ತಂತಿಗಳು ಗ್ರೌಂಡಿಗೆ ಸೇರಿರುತ್ತವೆ, ಮೈ ಮುಟ್ಟಿದಾಗ ಗಲಾಟೆ ಕಡಿಮೆಯಾಗುವುದು ಅದರಿಂದಲೇ. ಆದರೆ ಕೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ, ಎರಡರಲ್ಲಿ ಒಂದರ ಅರ್ತ್ ತಪ್ಪಿದ್ದರೆ ನಡುವೆ ಸಿಕ್ಕಿಕೊಳ್ಳುವುದು ಮನುಷ್ಯ. ಒಳಗೇ ಶೀಲ್ಡ್ ಇರುವುದರಿಂದ ತಂತಿಯ ಗ್ರೌಂಡ್ ಬಿಡಿಸಲು ಇಎಂಜಿ ತಾನೇ ಹೇಳುತ್ತದೆ. ಬೇರೆ ಕಂಪೆನಿಯದ್ದಾದರೆ ಅದರ ಜೊತೆ ಬಂದ ಹಾಳೆಯಲ್ಲಿ ಹೇಳಿದಂತೆ ಮಾಡಿ. ಹಾಗೆಂದು ಅರ್ತಿಂಗ್ ಇಲ್ಲದ ಸ್ಟೇಜು ಸುರಕ್ಷಿತ ಆಗುವುದಿಲ್ಲ. ಬಾರಿಸುವ ಮೊದಲು ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಆಂಪಿಗೆ ಚುಚ್ಚಿದ ಕೇಬಲಿನ ಹೊರ ಲೋಹಕ್ಕೆ ಹಿಡಿಯಿರಿ. ಒಂದೆರಡು ವೋಲ್ಟ್ ಪರವಾಗಿಲ್ಲ. ನೂರರ ಹತ್ತಿರ ತೋರಿಸಿದರೆ ಎಲ್ಲೋ ಅರ್ತ್ ಸಿಕ್ಕಿಲ್ಲ, ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಇಳಿಸಿ ಚುಚ್ಚಿರುತ್ತಾರೆ. ಅದನ್ನು ಸರಿ ಮಾಡಿಸದೆ ಗಿಟಾರ್ ಎತ್ತಬೇಡಿ.

ಅಗ್ಗದ ದಾರಿ

ಹತ್ತು ಹನ್ನೆರಡು ಸಾವಿರದ ಗಿಟಾರಿಗೆ ಆಕ್ಟಿವ್ ಸೆಟ್ ಹಾಕಿಸಲು ಹೊರಟರೆ ಸೆಟ್ಟಿನ ಬೆಲೆ ಗಿಟಾರಿನದ್ದನ್ನೇ ಮೀರುತ್ತದೆ. ಕೆಟ್ಟರೆ ರಿಪೇರಿಯೂ ಇಲ್ಲ, ಇಡೀ ಪಿಕ್‌ಅಪ್ ಎಪಾಕ್ಸಿಯಲ್ಲಿ ಹುಗಿದಿರುತ್ತದೆ. ಗಾನಮೇಳದಲ್ಲಿ ಎಲ್ಲ ಬಗೆಯ ಹಾಡು ಬಾರಿಸುವವರಿಗೆ ನನ್ನ ಸಲಹೆ ಇದು: ಹಂಬಕರ್ ಇರುವ ಗಿಟಾರ್, ಒಳಗೆ ತಾಮ್ರದ ಟೇಪಿನ ಶೀಲ್ಡಿಂಗ್, ಜೊತೆಗೆ ಒಂದು ಬಫರ್. ಆಕ್ಟಿವ್ ಕೊಡುವುದರಲ್ಲಿ ಬಹುಪಾಲು ಇದರಲ್ಲೇ ಸಿಗುತ್ತದೆ.

ಟೇಪ್ ಅಂಟಿಸುವಾಗ ಗುಂಡಿಯ ತಳ, ಗೋಡೆ, ಮುಚ್ಚಳದ ಒಳಮೈ ಎಲ್ಲವನ್ನೂ ಮುಚ್ಚಬೇಕು. ಒಂದು ತುಂಡಿನಿಂದ ಇನ್ನೊಂದಕ್ಕೆ ಮೀಟರ್ ಹಿಡಿದರೆ 1 ಓಮಿನ ಆಸುಪಾಸು ತೋರಿಸಬೇಕು, ಇಲ್ಲದಿದ್ದರೆ ಸಂದಿಗೆ ಸೋಲ್ಡರಿನ ಒಂದು ಚುಕ್ಕೆ ಇಡಿ. ಇಡೀ ಟೇಪನ್ನು ಒಂದೇ ವಯರಿನಿಂದ ಗ್ರೌಂಡಿಗೆ ಸೇರಿಸಿ. ಪಾಟಿನ, ಜ್ಯಾಕಿನ ಸಿಗ್ನಲ್ ಹರಿಯುವ ಕಾಲುಗಳು ಟೇಪಿಗೆ ತಾಗದಂತೆ ನಡುವೆ ಇನ್ಸುಲೇಶನ್ ಟೇಪ್ ಹಾಕಿ, ಮುಚ್ಚಳ ಹಾಕಿದ ಮೇಲೆ ಸದ್ದೇ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಅದನ್ನೇ.

ಬಫರಿಗೆ ಟಿಎಲ್062 ಎಂಬ ಎಂಟು ಕಾಲಿನ ಐಸಿ ಸಾಕು. ಅದರ ಅಣ್ಣ ಟಿಎಲ್072ರಲ್ಲಿ ‘ಸ್ಸ್’ ಇನ್ನೂ ಕಡಿಮೆ, ಆದರೆ ಬ್ಯಾಟರಿ ಏಳು ಪಟ್ಟು ತಿನ್ನುತ್ತದೆ. 062 ಎರಡೂ ಭಾಗ ಸೇರಿ ಎಳೆಯುವುದು 0.4 ಮಿಲಿಆಂಪ್. 8ನೇ ಕಾಲಿಗೆ ಬ್ಯಾಟರಿಯ ಪ್ಲಸ್, 4ನೇ ಕಾಲಿಗೆ ಗ್ರೌಂಡ್, ಎರಡರ ನಡುವೆ 0.1 ಮೈಕ್ರೊಫ್ಯಾರಡ್. ಮೈನಸ್ ಇಲ್ಲೂ ಸ್ಟೀರಿಯೊ ಜ್ಯಾಕಿನ ರಿಂಗ್ ಮೂಲಕವೇ ಗ್ರೌಂಡಿಗೆ ಬರಲಿ. ಪ್ಲಸ್ ಮತ್ತು ಗ್ರೌಂಡಿನ ನಡುವೆ 100 ಕೆ ಎರಡು ಸರಣಿಯಲ್ಲಿ ಹಾಕಿ, ಅವು ಸೇರುವ ಜಾಗದಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್ ಕೊಟ್ಟರೆ ಅಲ್ಲಿ 4.5 ವೋಲ್ಟ್ ನಿಲ್ಲುತ್ತದೆ. ಆ ಜಾಗದಿಂದ 1 ಮೆಗ್ ರೆಸಿಸ್ಟರ್ 3ನೇ ಕಾಲಿಗೆ. ಗಿಟಾರಿನ ಸಿಗ್ನಲ್ 0.022 ಮೈಕ್ರೊಫ್ಯಾರಡ್ ಮೂಲಕ ಅದೇ 3ನೇ ಕಾಲಿಗೆ. 2ನ್ನೂ 1ನ್ನೂ ಸೇರಿಸಿ, 1ರಿಂದ 1 ಮೈಕ್ರೊಫ್ಯಾರಡ್, ಆಮೇಲೆ 1 ಕೆ, ಅಲ್ಲಿಂದ ಜ್ಯಾಕಿನ ಟಿಪ್. ಟಿಪ್‌ನಿಂದ ಗ್ರೌಂಡಿಗೆ 100 ಕೆ ಹಾಕದಿದ್ದರೆ ಕೇಬಲ್ ಚುಚ್ಚುವಾಗ ‘ಟಪ್’ ಎನ್ನುತ್ತದೆ. ಬಳಸದ ಅರ್ಧಭಾಗವನ್ನು ಹಾಗೇ ಬಿಡಬೇಡಿ, 6 ಮತ್ತು 7 ಸೇರಿಸಿ 5ನ್ನು 4.5 ವೋಲ್ಟಿಗೆ ಕಟ್ಟಿ, ಇಲ್ಲದಿದ್ದರೆ ಅದು ತನ್ನಷ್ಟಕ್ಕೇ ಆಂದೋಲನಕ್ಕೆ ಬಿದ್ದು ಗಲಾಟೆ ಮಾಡಬಹುದು.

ಇದನ್ನು ಗಿಟಾರಿನ ಒಳಗೆ ಹಾಕಿದರೆ ಒಂದು ವಿಚಿತ್ರ ಆಗುತ್ತದೆ: ಸದ್ದು ಚೂಪಾಗಿ, ಕಿವಿಗೆ ಚುಚ್ಚುವ ಹಾಗೆ ಬರುತ್ತದೆ. ಬಫರ್ ಕೆಟ್ಟದೆಂದು ಕೆಲವರು ಕಿತ್ತು ಹಾಕುವುದು ಇಲ್ಲಿಯೇ. ಕಾರಣ ಮೇಲೆ ಹಾಕಿದ ಲೆಕ್ಕದಲ್ಲೇ ಉಂಟು. ಕೇಬಲಿನ ಕೆಪಾಸಿಟೆನ್ಸ್ ಈಗ ಪಿಕ್‌ಅಪ್‌ಗೆ ಕಾಣುವುದೇ ಇಲ್ಲ, ಆದ್ದರಿಂದ ಆ ದಿಬ್ಬ ಏಳು ಕಿಲೋಹರ್ಟ್ಸ್ ದಾಟಿ ಮೇಲೆ ಹೋಗಿರುತ್ತದೆ. ಬಫರಿನ ಮೊದಲು, ಪಿಕ್‌ಅಪ್‌ಗೆ ಅಡ್ಡಲಾಗಿ, ಅಂದರೆ ಸಿಗ್ನಲ್ ಮತ್ತು ಗ್ರೌಂಡಿನ ನಡುವೆ, 470 ಪಿಕೊಫ್ಯಾರಡ್‌ನ ಒಂದು ಪುಟ್ಟ ಸೆರಾಮಿಕ್ ಕೆಪಾಸಿಟರ್ ಇಟ್ಟರೆ ದಿಬ್ಬ 3.1 ಕಿಲೋಹರ್ಟ್ಸ್‌ಗೆ ಮರಳುತ್ತದೆ, ಪರಿಚಯದ ಸದ್ದು ವಾಪಸು ಬರುತ್ತದೆ. ಇನ್ನೂ ಹೊಳಪು ಬೇಕಾದವರು 330, ಮೆತ್ತಗೆ ಬೇಕಾದವರು 680 ಹಾಕಿ ನೋಡಲಿ. ಒಂದೆರಡು ರೂಪಾಯಿಯ ಸಾಮಾನು, ಆದರೆ ಟೋನಿನಲ್ಲಿ ಇದು ಮಾಡುವ ವ್ಯತ್ಯಾಸ ಪಿಕ್‌ಅಪ್ ಬದಲಿಸಿದಷ್ಟೇ ದೊಡ್ಡದು.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾತ್ರ ಆಕ್ಟಿವ್ ಒಂದು ಕೈ ಮೇಲು, ಒಂದು ಕೈ ಕೆಳಗೆ. ಎಪಾಕ್ಸಿಯಲ್ಲಿ ಹುಗಿದ ಕಾಯಿಲಿಗೆ ತೇವ ಹೋಗುವುದಿಲ್ಲ. ಪ್ಯಾಸಿವ್ ಸಿಂಗಲ್ ಕಾಯಿಲ್‌ಗಳಲ್ಲಿ ಅಯಸ್ಕಾಂತದ ಕಡ್ಡಿಗೆ ತುಕ್ಕು ಹಿಡಿದು ಅದರ ಮೇಲೇ ಸುತ್ತಿದ ಸಪೂರ ತಂತಿ ತುಂಡಾಗಿ ಪಿಕ್‌ಅಪ್ ಸಾಯುವುದುಂಟು, ಕಡಲ ಬದಿಯ ಉಪ್ಪುಗಾಳಿಗೆ ಇದು ಇನ್ನೂ ಬೇಗ. ಆದರೆ ಆಕ್ಟಿವ್‌ಗೆ ಬ್ಯಾಟರಿ ಕ್ಲಿಪ್ಪು, ಚುಚ್ಚುವ ಪಿನ್ನುಗಳು ಹೆಚ್ಚು, ಹಸಿರು ಕಿಲುಬು ಹಿಡಿಯುವುದು ಅಲ್ಲಿ. ಮಳೆಗಾಲದಲ್ಲಿ ಗಿಟಾರ್ ಎತ್ತಿಡುವುದಾದರೆ ಬ್ಯಾಟರಿ ತೆಗೆದು ಬೇರೆ ಇಡಿ, ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಬಂದ ಮೇಲೆ ಮೊದಲ ರಿಹರ್ಸಲಿನ ಮೊದಲು ಕ್ಲಿಪ್ಪಿನ ಎರಡೂ ಗುಂಡಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಉಜ್ಜಿ, ಜ್ಯಾಕಿಗೆ ಕೇಬಲನ್ನು ಹತ್ತಿಪ್ಪತ್ತು ಸಲ ಚುಚ್ಚಿ ತೆಗೆದು ಮಾಡಿ, ಹೊಸ 6ಎಲ್‌ಆರ್61 ಹಾಕಿ. ಹಾಕಿದ ದಿನಾಂಕವನ್ನು ಬ್ಯಾಟರಿಯ ಮೈಮೇಲೇ ಮಾರ್ಕರಿನಲ್ಲಿ ಬರೆಯಿರಿ.